ಜೀಪಿನ ಹೊಟ್ಟೆಯಡಿಯ ಸಲಾಕೆ: ಕಾರ್ಡಾನೊನಿಂದ ಗೇರುಸೊಪ್ಪೆ ಘಾಟಿಯವರೆಗೆ

ಕಾಸರಕೋಡ ಟೊಂಕದ ಕಡೆ ಮೀನುಗಾರಿಕೆ ಬೋಟುಗಳನ್ನು ಹತ್ತಿರದಿಂದ ನೋಡಿದವರಿಗೆ ಪ್ರೊಪೆಲ್ಲರ್ ಶಾಫ್ಟ್ ಅಂದ್ರೆ ಏನು ಅಂತ ವಿವರಿಸಬೇಕಾಗಿಲ್ಲ. ಎಂಜಿನ್ನಿನಿಂದ ಹೊರಟು, ಬೋಟಿನ ಹಿಂಭಾಗ ದಾಟಿ, ನೀರಿನೊಳಗೆ ಫ್ಯಾನು ತಿರುಗಿಸುವ ನೇರವಾದ ಸಲಾಕೆ. ತಮಾಷೆ ಅಂದ್ರೆ, ನಮ್ಮ ಕಡೆ ಗ್ಯಾರೇಜುಗಳಲ್ಲಿ ಜೀಪಿನ ಕೆಳಗಿರೋ ಶಾಫ್ಟಿಗೂ ಅದೇ ಹೆಸರು. ಅಲ್ಲಿ ಫ್ಯಾನೂ ಇಲ್ಲ, ನೀರೂ ಇಲ್ಲ. ಆದರೂ "ಪ್ರೊಪೆಲ್ಲರ್" ಅಂತಲೇ ಕರೆಯೋದು :)

ಹೆಸರು ಒಂದೇ ಆದರೂ ಕಷ್ಟ ಬೇರೆ ಬೇರೆ. ಬೋಟಿನಲ್ಲಿ ಎಂಜಿನ್ನೂ ಫ್ಯಾನೂ ಒಂದೇ ಮೈಗೆ ಅಂಟಿಕೊಂಡಿವೆ, ಅವುಗಳ ನಡುವಿನ ದೂರ ಯಾವತ್ತೂ ಬದಲಾಗೋದಿಲ್ಲ. ಜೀಪಿನಲ್ಲಿ ಹಾಗಲ್ಲ. ಗೇರ್‌ಬಾಕ್ಸ್ ಚಾಸಿಗೆ ಅಂಟಿಕೊಂಡಿದೆ, ಹಿಂದಿನ ಹೌಸಿಂಗ್ ಮಾತ್ರ ಸ್ಪ್ರಿಂಗ್ ಪ್ಲೇಟುಗಳ ಮೇಲೆ ಕೂತು ಪ್ರತಿ ಹೊಂಡಕ್ಕೂ ಮೇಲೆ ಕೆಳಗೆ ಕುಣಿಯುತ್ತದೆ. ಕುಣಿಯುವವನ ಕೈಗೂ ನಿಂತವನ ಕೈಗೂ ಒಂದು ಕೋಲು ಕಟ್ಟಿದರೆ ಆ ಕೋಲು ಏನಾಗಬೇಕು? ಬಾಗಬೇಕು, ಉದ್ದ ಆಗಬೇಕು, ಮತ್ತೆ ಗಿಡ್ಡ ಆಗಬೇಕು. ಇದೆಲ್ಲಾ ತಿರುಗುತ್ತಾ ತಿರುಗುತ್ತಲೇ!

ಈಗೀಗ ಜೀಪು, ಥಾರ್ ಇಟ್ಟುಕೊಂಡ ಹುಡುಗರೆಲ್ಲ ಗಾಡಿಯನ್ನು ಎರಡೋ ಮೂರೋ ಇಂಚು ಎತ್ತರಿಸಿ ದೊಡ್ಡ ಟಯರು ಹಾಕಿಸುವ ಹುಕಿಯಲ್ಲಿದ್ದಾರೆ. ಅವರು ಕೇಳುವ ಪ್ರಶ್ನೆ ಒಂದೇ: "ಪ್ರೊಪೆಲ್ಲರ್ ಉದ್ದ ಮಾಡಿಸಬೇಕಾ?" ಈ ಪ್ರಶ್ನೆಗೆ ಉತ್ತರ ಸುಮಾರು ಐನೂರು ವರ್ಷದ ಕಥೆಯೊಳಗಿದೆ. ಬನ್ನಿ, ಅಲ್ಲಿಂದಲೇ ಶುರು ಮಾಡೋಣ.

ಹದಿನಾರನೇ ಶತಮಾನದ ಇಟಲಿಯಲ್ಲಿ ಜೆರೊಲಾಮೊ ಕಾರ್ಡಾನೊ (1501-1576) ಅಂತೊಬ್ಬ ಇದ್ದ. ವೈದ್ಯ, ಗಣಿತಜ್ಞ, ಜೂಜುಕೋರ ಎಲ್ಲಾ ಆಗಿದ್ದವನು. ಹಡಗು ಎಷ್ಟೇ ಓಲಾಡಿದರೂ ದೀಪ ಅಥವಾ ದಿಕ್ಸೂಚಿ ನೆಟ್ಟಗೆ ನಿಲ್ಲುವಂತೆ ಒಂದರೊಳಗೊಂದು ಬಳೆ ಹಾಕಿ ತೂಗುಬಿಡುವ ಏರ್ಪಾಡಿನ ಬಗ್ಗೆ ಅವನು ಬರೆದ. ಆ ಏರ್ಪಾಡು ಅವನಿಗಿಂತ ಬಹಳ ಹಿಂದೆಯೇ ಇತ್ತು, ಅದನ್ನು ಕಂಡುಹಿಡಿದವನು ಅವನಲ್ಲ. ಆದರೂ ಹೆಸರು ಮಾತ್ರ ಅವನಿಗೇ ಅಂಟಿತು. ಇವತ್ತಿಗೂ ಯುರೋಪಿನ ಹಲವು ಭಾಷೆಗಳಲ್ಲಿ ಗಾಡಿಯ ಈ ಶಾಫ್ಟಿಗೆ ಕಾರ್ಡಾನ್ ಅಂತಲೇ ಹೆಸರು.

ಅದನ್ನು ತಿರುಗುವ ಶಕ್ತಿ ದಾಟಿಸೋಕೆ ಬಳಸಬಹುದು ಅಂತ ಇಂಗ್ಲೆಂಡಿನಲ್ಲಿ ವಿವರವಾಗಿ ಬರೆದವನು ರಾಬರ್ಟ್ ಹುಕ್, 1676ರಲ್ಲಿ. ಹೌದು, ಪಿಯುಸಿಯಲ್ಲಿ ನಾವೆಲ್ಲ ಬಾಯಿಪಾಠ ಮಾಡಿದ ಸ್ಪ್ರಿಂಗ್ ನಿಯಮದ ಹುಕ್ಕೇ. ಅವನು ಇದನ್ನು ಬಳಸಿದ್ದು ಸೂರ್ಯನನ್ನು ನೋಡುವ ಉಪಕರಣಗಳಿಗೆ. ಎರಡು ಕವೆ, ನಡುವೆ ಒಂದು ಶಿಲುಬೆಯಾಕಾರದ ತುಂಡು. ನಮ್ಮ ಮೆಕ್ಯಾನಿಕ್ಕುಗಳು "ಯುಜೆ ಕ್ರಾಸ್" ಅನ್ನೋದು ಇದನ್ನೇ. ಯೋಚಿಸಿ ನೋಡಿ, ಜೀಪು ಎತ್ತರಿಸೋದು ಅಂದ್ರೆ ಹುಕ್‌ನ ಸ್ಪ್ರಿಂಗಿಗೂ ಹುಕ್‌ನ ಜಾಯಿಂಟಿಗೂ ಜಗಳ ಹಚ್ಚಿದ ಹಾಗೆ!

ಈ ಜಾಯಿಂಟಿಗೆ ಹುಟ್ಟಿನಿಂದಲೇ ಒಂದು ದೋಷ ಇದೆ. ನೇರವಾಗಿದ್ದಾಗ ಸರಿ. ಬಾಗಿದಾಗ, ಒಂದು ಕಡೆ ಸಮವೇಗದಲ್ಲಿ ತಿರುಗಿಸಿದರೂ ಇನ್ನೊಂದು ಕಡೆ ಪ್ರತಿ ಸುತ್ತಿನಲ್ಲಿ ಎರಡು ಸಲ ಓಡುತ್ತದೆ, ಎರಡು ಸಲ ತಡೆಯುತ್ತದೆ. ಸುಮಾರು 11 ಡಿಗ್ರಿ ಬಾಗಿದ್ದರೆ ಈ ಏರಿಳಿತ ಶೇಕಡಾ 2ರಷ್ಟು. 19 ಡಿಗ್ರಿ ದಾಟಿದರೆ ಶೇಕಡಾ 6ರ ಹತ್ತಿರ. ಇದಕ್ಕೆ ಮದ್ದು, ಶಾಫ್ಟಿನ ಎರಡೂ ತುದಿಗೆ ಒಂದೊಂದು ಜಾಯಿಂಟು. ಎರಡರ ಕೋನವೂ ಸಮ ಇದ್ದು, ಶಾಫ್ಟಿನ ಎರಡು ಕವೆಗಳೂ ಒಂದೇ ನೇರದಲ್ಲಿದ್ದರೆ ಒಂದರ ತಪ್ಪನ್ನು ಇನ್ನೊಂದು ಸರಿ ಮಾಡುತ್ತದೆ. ಶಾಫ್ಟ್ ಬಿಚ್ಚುವಾಗ ಒಳ್ಳೆ ಮೆಕ್ಯಾನಿಕ್ಕು ಎರಡೂ ತುಂಡಿನ ಮೇಲೆ ಗುರುತು ಹಾಕಿಕೊಳ್ಳೋದು ಇದಕ್ಕೇ. ಒಂದು ಹಲ್ಲು ಆಚೀಚೆ ಕೂರಿಸಿದರೂ ಗಾಡಿ ನಡುಗೋಕೆ ಶುರು.

ಮೊದಮೊದಲ ಕಾರುಗಳಲ್ಲಿ ಸೈಕಲ್ಲಿನ ಹಾಗೆ ಚೈನು ಇರುತ್ತಿತ್ತು. 1898ರಲ್ಲಿ ಫ್ರಾನ್ಸಿನ ಲೂಯಿ ರೆನೋ ಚೈನು ಬಿಟ್ಟು ಶಾಫ್ಟಿನಿಂದ ಓಡುವ ಪುಟ್ಟ ಗಾಡಿ ಮಾಡಿದ. ಅಮೆರಿಕದ ಕ್ಲಾರೆನ್ಸ್ ಸ್ಪೈಸರ್ 1903ರಲ್ಲಿ ತನ್ನ ಜಾಯಿಂಟಿಗೆ ಪೇಟೆಂಟ್ ಪಡೆದು, 1904ರಲ್ಲಿ ನ್ಯೂಜೆರ್ಸಿಯಲ್ಲಿ ತಯಾರಿಕೆ ಆರಂಭಿಸಿದ. ಮುಂದೆ ಆ ಕಂಪನಿಯೇ ಡಾನಾ ಆಯಿತು. ಹಳೇ ಜೀಪಿನ ಬಗ್ಗೆ ಮಾತಾಡುವವರ ಬಾಯಲ್ಲಿ ಸ್ಪೈಸರ್, ಡಾನಾ ಅನ್ನೋ ಹೆಸರುಗಳು ಬರೋದು ಇಲ್ಲಿಂದಲೇ.

ಇನ್ನು ಜೀಪು. 1940ರಲ್ಲಿ ಅಮೆರಿಕದ ಸೈನ್ಯ ಒಂದು ಹಗುರ ಫೋರ್‌ವೀಲ್ ಗಾಡಿ ಬೇಕು ಅಂತ 135 ಕಂಪನಿಗಳಿಗೆ ಕರೆ ಕೊಟ್ಟಿತು. ಮೊದಲು ಮಾಡಿಕೊಟ್ಟಿದ್ದು ಬಾಂಟಮ್ ಅನ್ನೋ ಚಿಕ್ಕ ಕಂಪನಿ. ದೊಡ್ಡ ಆರ್ಡರು ಹೋಗಿದ್ದು ವಿಲ್ಲಿಸ್ ಮತ್ತು ಫೋರ್ಡಿಗೆ. ವಿಲ್ಲಿಸ್ ಎಂಬಿಯ ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ನಡುವೆ ಬರೀ 80 ಇಂಚು. ಅಷ್ಟರಲ್ಲೇ ಎಂಜಿನ್, ಗೇರ್‌ಬಾಕ್ಸ್, ಅದರ ಬೆನ್ನಿಗೆ ಟ್ರಾನ್ಸ್‌ಫರ್ ಕೇಸ್. ಉಳಿದ ಚೂರು ಜಾಗದಲ್ಲಿ ಹಿಂದಿನ ಪ್ರೊಪೆಲ್ಲರ್! ಹಾಗಾಗಿ ಜೀಪಿನ ಹಿಂದಿನ ಶಾಫ್ಟ್ ತೀರಾ ಗಿಡ್ಡ. ನಮ್ಮ ಪ್ರಶ್ನೆಯ ಗಂಟು ಇರೋದೇ ಇಲ್ಲಿ.

ಯುದ್ಧ ಮುಗಿದ ಮೇಲೆ ಮುಂಬಯಿಯ ಮಹೀಂದ್ರಾ ಕಂಪನಿ ವಿಲ್ಲಿಸ್ ಜೀಪುಗಳನ್ನು ನಮ್ಮ ದೇಶದಲ್ಲಿ ಜೋಡಿಸಲು ಶುರು ಮಾಡಿತು. ಆಮೇಲೆ ಬಂದ ಸಿಜೆ-3ಬಿ ಮಾದರಿ ಅಮೆರಿಕದಲ್ಲಿ 1968ರಲ್ಲಿ ನಿಂತುಹೋದರೂ ಇಲ್ಲಿ ಅದರ ಸಂತಾನ ದಶಕಗಟ್ಟಲೆ ಬೆಳೆಯಿತು. ಪೆಟ್ರೋಲು ತುಟ್ಟಿಯಾದಂತೆ ಹಳೇ ಜೀಪುಗಳಿಗೆ ಡೀಸೆಲ್ ಎಂಜಿನ್ ಕೂರಿಸುವ ಕಸುಬೂ ಬೆಳೆಯಿತು. ಎಂಜಿನ್, ಗೇರ್‌ಬಾಕ್ಸ್ ಬದಲಾದರೆ ಶಾಫ್ಟಿನ ಅಳತೆಯೂ ಬದಲು. ಅಂದರೆ ಲೇಥ್ ಶಾಪಿನಲ್ಲಿ ಪ್ರೊಪೆಲ್ಲರ್ ಕತ್ತರಿಸಿ ಬೆಸುಗೆ ಹಾಕುವ ವಿದ್ಯೆ ಈಗಿನ ಹುಡುಗರ ಶೋಕಿಯಿಂದ ಬಂದದ್ದಲ್ಲ, ಹೊಟ್ಟೆಪಾಡಿಗಾಗಿ ಮೊದಲೇ ಇದ್ದದ್ದು.

ಸರಿ, ಈಗ ಲೆಕ್ಕ. (ಎಂಜಿನಿಯರಿಂಗ್ ಓದಿ ಕೀಲಿಮಣೆ ಕುಟ್ಟುವವನಿಗೆ ಪೈಥಾಗೊರಸ್ ಉಪಯೋಗಕ್ಕೆ ಬರೋದು ಇಂಥ ಕಡೆ ಮಾತ್ರ!) ಎರಡು ಜಾಯಿಂಟುಗಳ ನಡುವೆ ಅಡ್ಡಕ್ಕೆ 20 ಇಂಚು, ಎತ್ತರದ ವ್ಯತ್ಯಾಸ 4 ಇಂಚು ಅಂತಿಟ್ಟುಕೊಳ್ಳಿ. ಶಾಫ್ಟಿನ ಉದ್ದ ಸುಮಾರು 20.4 ಇಂಚು, ಕೋನ 11 ಡಿಗ್ರಿ ಚಿಲ್ಲರೆ. ಗಾಡಿಯನ್ನು 3 ಇಂಚು ಎತ್ತರಿಸಿದರೆ ಉದ್ದ 21.2 ಇಂಚು ಬೇಕು, ಕೋನ 19 ಡಿಗ್ರಿ ದಾಟುತ್ತದೆ. ಅಂದರೆ 20 ಮಿಲಿಮೀಟರ್ ಕೊರತೆ. ಅದೇ ಉದ್ದನೆಯ ಗಾಡಿಯಲ್ಲಿ ಅಡ್ಡಕ್ಕೆ 50 ಇಂಚು ಇದ್ದರೆ? ಅಷ್ಟೇ ಎತ್ತರಿಸಿದರೂ ಕೊರತೆ 8 ಮಿಲಿಮೀಟರ್, ಕೋನ ಸುಮಾರು ನಾಲ್ಕೂವರೆಯಿಂದ 8 ಡಿಗ್ರಿಗೆ ಹೋಗುತ್ತದೆ ಅಷ್ಟೆ. "ಅವನ ಗಾಡಿಗೆ ಏನೂ ಆಗ್ಲಿಲ್ಲ, ನನ್ನದಕ್ಕೆ ಯಾಕೆ ಹೀಗಾಯ್ತು" ಅನ್ನುವವರಿಗೆ ಉತ್ತರ ಇದು. ಗಿಡ್ಡ ಗಾಡಿಗೆ ಕಷ್ಟ ಜಾಸ್ತಿ.

ಶಾಫ್ಟಿನ ಮಧ್ಯೆ ಒಂದರೊಳಗೊಂದು ಜಾರುವ ಹಲ್ಲಿನ ಭಾಗ ಇರುತ್ತದೆ. 20 ಮಿಲಿಮೀಟರನ್ನು ಅದು ಹೇಗೋ ನುಂಗಿಕೊಳ್ಳಬಹುದು. ಆದರೆ ನಿಂತ ಜಾಗದ ಅಳತೆ ಅರ್ಧ ಸತ್ಯ ಮಾತ್ರ. ಹೊಂಡದ ಮೇಲೆ ಚಕ್ರ ತೂಗಾಡಿದಾಗ ಹೌಸಿಂಗ್ ಇನ್ನೂ ಕೆಳಗಿಳಿಯುತ್ತದೆ. ಆಗ ಹಲ್ಲು ಕಚ್ಚಿಕೊಂಡಿರೋದು ತುದಿಯಲ್ಲಿ ಸ್ವಲ್ಪವೇ. ಹೊನ್ನಾವರದ ಕಡೆ ಲೇಥಿನವರೊಬ್ಬರು ಹೇಳಿದ ಮಾತು ನನಗೆ ಯಾವ ಪುಸ್ತಕಕ್ಕಿಂತ ಚೆನ್ನಾಗಿ ಅರ್ಥವಾಯಿತು: "ಉದ್ದ ಮಾಡೂದು ದೊಡ್ಡ ಕೆಲ್ಸ ಅಲ್ಲ ತಮಾ. ಮೊದ್ಲು ಗಾಡಿ ಎತ್ತಿ ಚಕ್ರ ತೂಗಾಡೂಕೆ ಬಿಡು, ಅಳತೆ ತಗೊ. ಮತ್ತೆ ಪೂರ್ತಿ ಕೂರ್ಸಿ ಅಳತೆ ತಗೊ. ಎರಡ್ರ ಮಧ್ಯೆ ಬದುಕ್ಬೇಕು ಅದು." ಗಿಡ್ಡವಾದರೆ ಕಳಚಿಕೊಳ್ಳುತ್ತದೆ. ತೀರಾ ಉದ್ದವಾದರೆ ಸ್ಪ್ರಿಂಗ್ ಒತ್ತಿದಾಗ ಜಾರಲು ಜಾಗವಿಲ್ಲದೆ ಟ್ರಾನ್ಸ್‌ಫರ್ ಕೇಸಿಗೇ ಗುದ್ದುತ್ತದೆ.

ಉದ್ದ ಸರಿಹೋದರೂ ಕೋನ ಹಾಗೇ ಉಳಿಯುತ್ತದೆ. ಅದಕ್ಕೆ ಕೆಲವರು ಟ್ರಾನ್ಸ್‌ಫರ್ ಕೇಸನ್ನು ತುಸು ಕೆಳಗಿಳಿಸುತ್ತಾರೆ. ಇನ್ನು ಕೆಲವರು ಒಂದು ತುದಿಗೆ ಜೋಡಿ ಜಾಯಿಂಟು ಹಾಕಿ ಹೌಸಿಂಗಿನ ಮೂತಿಯನ್ನು ಮೇಲಕ್ಕೆ ತಿರುಗಿಸುತ್ತಾರೆ. ಚಾಸಿಯನ್ನು ಬಿಟ್ಟು ಬರೀ ಬಾಡಿಯನ್ನು ಎತ್ತರಿಸಿದರೆ ಶಾಫ್ಟಿಗೆ ಏನೂ ಆಗೋದಿಲ್ಲ, ಆದರೆ ಹೊಟ್ಟೆಯಡಿ ಕಲ್ಲು ತಾಗೋದೂ ತಪ್ಪೋದಿಲ್ಲ.

ಇಷ್ಟೆಲ್ಲಾ ಯಾಕೆ ಕೊರೆದೆ ಅಂದ್ರೆ, ಹಳೇ ಜೀಪಿನ ಬಗ್ಗೆ ಬಹಳ ಜನರ ಗಮನಕ್ಕೆ ಬಾರದ ಒಂದು ವಿಷಯ ಇದೆ. ವಿಲ್ಲಿಸ್ ಮತ್ತು ಸಿಜೆ-3ಬಿಗಳಲ್ಲಿ ಹ್ಯಾಂಡ್‌ಬ್ರೇಕ್ ಚಕ್ರಕ್ಕೆ ಹಿಡಿಯೋದಿಲ್ಲ. ಅದು ಟ್ರಾನ್ಸ್‌ಫರ್ ಕೇಸಿನ ಹಿಂದೆ, ಪ್ರೊಪೆಲ್ಲರ್ ಹೊರಡುವ ಜಾಗದಲ್ಲೇ ಇರುವ ಡ್ರಮ್ಮಿಗೆ ಹಿಡಿಯುತ್ತದೆ. ಅಂದರೆ ಟೂವೀಲಿನಲ್ಲಿ ಹೋಗುತ್ತಿರುವಾಗ ಹಿಂದಿನ ಪ್ರೊಪೆಲ್ಲರ್ ಕಳಚಿತು ಅಂತಿಟ್ಟುಕೊಳ್ಳಿ. ಎಂಜಿನ್ನಿನ ಎಳೆತ ಹೋಯಿತು, ಇಳಿಜಾರಲ್ಲಿ ಗೇರು ಹಿಡಿದು ನಿಲ್ಲಿಸುವ ಆಸರೆ ಹೋಯಿತು, ಹ್ಯಾಂಡ್‌ಬ್ರೇಕೂ ಹೋಯಿತು. ಉಳಿದಿದ್ದು ಕಾಲಡಿಯ ಬ್ರೇಕು ಒಂದೇ. ಗೇರುಸೊಪ್ಪೆ ಘಾಟಿಯ ತಿರುವಿನಲ್ಲೋ, ಕೊಡಚಾದ್ರಿಯ ಕಲ್ಲುದಾರಿಯಲ್ಲೋ, ಹಿಂದೆ ಎಂಟು ಜನ ಕೂತಿರುವಾಗ ಇದು ಆದರೆ? ಇಪ್ಪತ್ತು ಮಿಲಿಮೀಟರಿನ ಬೆಲೆ ಆಗ ಗೊತ್ತಾಗುತ್ತದೆ.

ಇನ್ನೊಂದು ಮಾತು, ಕಾನೂನಿನದ್ದು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ತಯಾರಕರು ಕೊಟ್ಟ ಮೂಲ ವಿವರಗಳಿಗೆ ವಿರುದ್ಧವಾಗಿ ವಾಹನವನ್ನು ಮಾರ್ಪಡಿಸುವ ಹಾಗಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಕೇರಳದಿಂದ ಬಂದ ಪ್ರಕರಣವೊಂದರಲ್ಲಿ ಇದನ್ನೇ ಎತ್ತಿಹಿಡಿಯಿತು. ಮಲೆನಾಡು, ಕರಾವಳಿಯ ಗ್ಯಾರೇಜುಗಳು ದಶಕಗಳಿಂದ ಮಾಡಿಕೊಂಡು ಬಂದ ಕೈಚಳಕಕ್ಕೆ ಈ ತೀರ್ಪು ಬೇಜಾರಿನ ಸಂಗತಿ ಅಂತ ಅನ್ನಿಸೋದು ನಿಜ. ಆದರೆ ಆ ಕೈಚಳಕದಲ್ಲಿ ಅಳತೆ ಬಲ್ಲವರೂ ಇದ್ದರು, ಅಂದಾಜಿನವರೂ ಇದ್ದರು. ಹಿಂದೆ ಕೂತ ಪ್ರಯಾಣಿಕನಿಗೆ ತಾನು ಯಾರು ಕಟ್ಟಿದ ಗಾಡಿಯಲ್ಲಿ ಕೂತಿದ್ದೇನೆ ಅಂತ ತಿಳಿಯುವ ದಾರಿ ಇರಲಿಲ್ಲವಲ್ಲ.

ಮುಂದಿನ ಸಲ ಜೀಪು ಹತ್ತುವ ಮೊದಲು ಒಮ್ಮೆ ಬಗ್ಗಿ ಕೆಳಗೆ ನೋಡಿ. ಶಾಫ್ಟಿನ ಜಾರುವ ಭಾಗದಲ್ಲಿ ಹೊಳೆಯುವ ಹಲ್ಲು ಉದ್ದಕ್ಕೆ ಹೊರಗೆ ಕಾಣುತ್ತಿದ್ದರೆ ಡ್ರೈವರಣ್ಣನಿಗೆ ಒಂದು ಮಾತು ಹೇಳಿ. ನಿಮ್ಮೂರ ಕಡೆ ಪ್ರೊಪೆಲ್ಲರಿಗೆ ಬೇರೆ ಹೆಸರೇನಾದರೂ ಇದ್ದರೆ ನನಗೂ ತಿಳಿಸಿ :)