ಉಳುಕಿದ ಕಾಲು ಮತ್ತು ಒಂಟಿಕಾಲಿನ ಪಾಠ

ಕದ್ರಿ ಗುಡ್ಡದ ಮೆಟ್ಟಿಲ ಮೇಲೆ ಮಳೆಗಾಲದ ಪಾಚಿ ಎಂತ ಮಾಡ್ತದೆ ಅಂತ ಮಂಗಳೂರಿನವರಿಗೆ ನಾನು ಹೇಳಬೇಕಾಗಿಲ್ಲ. ಕಳೆದ ಜುಲೈಯಲ್ಲಿ ನನ್ನ ಬಲಪಾದ ಒಳಗಡೆಗೆ ಮಡಚಿಕೊಂಡು 'ಟಕ್' ಅಂದಿತು. ಮನೆಗೆ ಬರುವಷ್ಟರಲ್ಲಿ ಕಾಲಿನ ಗಂಟು ಚಕ್ಕೋತ ಹಣ್ಣಿನ ಹಾಗೆ ಆಗಿತ್ತು. ಎಕ್ಸ್‌ರೇಯಲ್ಲಿ ಮೂಳೆ ಸರಿಯಿತ್ತು, ಆದರೆ ಲಿಗಮೆಂಟ್ ಪೂರ್ತಿ ಹರಿದಿದೆ ಅಂದರು ಡಾಕ್ಟ್ರು.

ನಾಚಿಕೆಯ ವಿಷಯ ಏನಂದ್ರೆ, ನಾಲ್ಕು ವರ್ಷದ ಹಿಂದೆ ಉಳುಕಿದ್ದೂ ಇದೇ ಕಾಲು. ಆಗ ಬಾವು ಇಳಿದ ಕೂಡಲೇ ಫಿಸಿಯೋಥೆರಪಿಗೆ ಹೋಗುವುದನ್ನು ಬಿಟ್ಟಿದ್ದೆ. ನೋವೇ ಇಲ್ಲ ಅಂದ ಮೇಲೆ ಎಂತ ಟ್ರೀಟ್‌ಮೆಂಟು, ಅಲ್ವಾ?

ಈ ಸಲ ಆರು ವಾರ ಆದ ಮೇಲೆ ಫಿಸಿಯೋ ಹುಡುಗಿ ಹೇಳಿದಳು, "ಅಂಕಲ್, ಕಣ್ಣು ಮುಚ್ಚಿ ಎಡಗಾಲಲ್ಲಿ ಮಾತ್ರ ನಿಲ್ಲಿ." ನಿಂತೆ. "ಈಗ ಬಲಗಾಲಲ್ಲಿ." ಮೂರು ಸೆಕೆಂಡೂ ಆಗಲಿಲ್ಲ, ಗೋಡೆ ಹಿಡಿದುಕೊಂಡೆ. ಬಾವು ಇಲ್ಲ, ನೋವಿಲ್ಲ, ಆದ್ರೂ ನಿಲ್ಲಲಿಕ್ಕೆ ಆಗುವುದಿಲ್ಲ! "ನಿಮ್ಮ ಪಾದಕ್ಕೆ ತಾನು ಹೇಗಿದ್ದೇನೆ ಅಂತ ಗೊತ್ತಾಗ್ತಾ ಇಲ್ಲ" ಅಂದಳು. (ಅಂಕಲ್ ಅಂದದ್ದಕ್ಕಿಂತ ಈ ಮಾತೇ ಹೆಚ್ಚು ಚುಚ್ಚಿತು :-) ) ಆ ಮಾತು ಎಲ್ಲಿಂದ ಬಂತು ಅಂತ ಹುಡುಕುತ್ತಾ ಹೋದೆ. ಅದರ ಕತೆ ಇದು.

ನಮ್ಮ ಕಡೆ ಉಳುಕಿಗೆ ಮದ್ದಿಗೇನು ಬರವಿರಲಿಲ್ಲ. ಹುಣಸೆಹಣ್ಣು-ಉಪ್ಪಿನ ಬಿಸಿ ಪಟ್ಟು, ಮುರಿವೆಣ್ಣೆ, ನೀವುವ ನಾಟಿ ವೈದ್ಯರು. ಹುಟ್ಟುವಾಗ ಕಾಲು ಮುಂದಾಗಿ ಬಂದವರು ತುಳಿದರೆ ಉಳುಕು ಬಿಡ್ತದೆ ಅನ್ನುವ ನಂಬಿಕೆ ಬೇರೆ. ಇದನ್ನೆಲ್ಲ ನೋಡಿ ನಗುವ ಮೊದಲು ಹತ್ತೊಂಬತ್ತನೇ ಶತಮಾನದ ಇಂಗ್ಲೆಂಡ್ ನೋಡಬೇಕು. ಅಲ್ಲೂ ಮೂಳೆ ಕೂರಿಸುವ ನಾಟಿ ವೈದ್ಯರಿದ್ದರು, ಕಲಿತ ಡಾಕ್ಟರುಗಳಿಗೆ ಅವರನ್ನು ಕಂಡರೆ ಆಗುತ್ತಿರಲಿಲ್ಲ. ಆದರೆ 1867ರಲ್ಲಿ ಜೇಮ್ಸ್ ಪ್ಯಾಜೆಟ್ ಎಂಬ ಲಂಡನ್ನಿನ ದೊಡ್ಡ ಸರ್ಜನ್ ಒಂದು ಉಪನ್ಯಾಸ ಪ್ರಕಟಿಸಿದ. ಉಳುಕಿದ ಕೀಲನ್ನು ನಾವು ತಿಂಗಳುಗಟ್ಟಲೆ ಅಲ್ಲಾಡದಂತೆ ಇಟ್ಟು ಮರಗಟ್ಟಿಸುತ್ತೇವೆ, ಆ ನಾಟಿಯವರು ಎಳೆದು ತಿರುಗಿಸಿ ಅದನ್ನೇ ಬಿಡಿಸುತ್ತಾರೆ, ಅವರಲ್ಲಿ ಒಳ್ಳೆಯದಿದ್ದರೆ ಕಲಿತುಕೊಳ್ಳಿ ಅನ್ನುವುದು ಅವನ ವಾದ.

ತಮಾಷೆ ನೋಡಿ, ಅದೇ ಕಾಲದಲ್ಲಿ ಲಿವರ್‌ಪೂಲಿನ ಹ್ಯೂ ಓವನ್ ಥಾಮಸ್, ತಲೆತಲಾಂತರದಿಂದ ಮೂಳೆ ಕೂರಿಸುತ್ತಿದ್ದ ಮನೆತನದವನೇ, ಕೀಲಿನ ರೋಗಕ್ಕೆ ದೀರ್ಘಕಾಲದ ವಿಶ್ರಾಂತಿಯೇ ಮದ್ದು ಅಂತ ಸಾರುತ್ತಿದ್ದ. ಫ್ರಾನ್ಸಿನಲ್ಲಿ ಲ್ಯೂಕಾ ಶಾಂಪಿಯೋನಿಯೇರ್ ಇದಕ್ಕೆ ತದ್ವಿರುದ್ಧ: ಮುರಿದ ಮೂಳೆಗೂ ಮಾಲೀಶು, ಚಲನೆ ಬೇಕು ಅಂದ. 1894ರಲ್ಲಿ ಲಂಡನ್ನಿನ ನಾಲ್ವರು ನರ್ಸುಗಳು ಮಾಲೀಶು ಮಾಡುವವರ ಸಂಘ ಕಟ್ಟಿದರು. ಇಂದಿನ ಬ್ರಿಟಿಷ್ ಫಿಸಿಯೋಥೆರಪಿ ಸಂಘದ ಬೇರು ಅದೇ.

ನಮ್ಮ ದೇಶಕ್ಕೆ ಈ ವಿದ್ಯೆ ಬಂದದ್ದು ಉಳುಕಿನ ದಾರಿಯಲ್ಲಲ್ಲ, ಪೋಲಿಯೊ ದಾರಿಯಲ್ಲಿ. 1952ರಲ್ಲಿ ಮುಂಬಯಿಯಲ್ಲಿ ಪೋಲಿಯೊ ಹಬ್ಬಿದ ಮೇಲೆ, 1953ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ಅಲ್ಲಿನ ಕೆ.ಇ.ಎಂ. ಆಸ್ಪತ್ರೆಯಲ್ಲಿ ಶಾಲೆ ಶುರುವಾಯಿತು. ಅದೇ 1953ರಲ್ಲಿ ನಮ್ಮ ಕಡೆ ಟಿ.ಎಂ.ಎ. ಪೈಗಳು ಕಸ್ತೂರ್ಬಾ ಮೆಡಿಕಲ್ ಕಾಲೇಜು ಆರಂಭಿಸಿದರು, ಅದರ ಹುಡುಗರು ರೋಗಿಗಳನ್ನು ನೋಡಿ ಕಲಿತದ್ದು ಮಂಗಳೂರಿನ ಹಳೇ ವೆನ್ಲಾಕ್ ಆಸ್ಪತ್ರೆಯಲ್ಲಿ. ಇವತ್ತು ಕಂಕನಾಡಿಯ ಫಾದರ್ ಮುಲ್ಲರ್, ದೇರಳಕಟ್ಟೆಯ ನಿಟ್ಟೆ, ಕೆ.ಎಂ.ಸಿ. ಎಲ್ಲ ಕಡೆ ಫಿಸಿಯೋಥೆರಪಿ ಕಲಿಸುತ್ತಾರೆ. ಈ ವೃತ್ತಿಗೆ ದೇಶಮಟ್ಟದ ಕಾನೂನು ಬಂದದ್ದು ಮಾತ್ರ 2021ರಲ್ಲಿ!

ಈಗ ನನ್ನ ಹುಡುಕಾಟದ ಮುಖ್ಯ ಮನುಷ್ಯ. ಮೈಕೆಲ್ ಫ್ರೀಮನ್, ಲಂಡನ್ನಿನ ಸರ್ಜನ್, ಆಮೇಲೆ ಮೊಣಕಾಲು ಬದಲಿಸುವ ಆಪರೇಶನ್ನಿನಲ್ಲಿ ಹೆಸರು ಮಾಡಿದವನು. ಗುಣವಾದ ಮೇಲೂ ಕೆಲವರ ಪಾದ ಮತ್ತೆ ಮತ್ತೆ ಯಾಕೆ ಮಗುಚಿಕೊಳ್ಳುತ್ತದೆ ಎಂಬ ಪ್ರಶ್ನೆ ಅವನದು. 1965ರಲ್ಲಿ ಅವನೂ ಜೊತೆಗಾರರೂ ಕೊಟ್ಟ ಉತ್ತರ ಹೀಗೆ: ಲಿಗಮೆಂಟ್ ಬರೀ ಹಗ್ಗ ಅಲ್ಲ. ಅದರೊಳಗೆ ಸಣ್ಣ ನರತುದಿಗಳಿವೆ, ಪಾದ ಎಷ್ಟು ವಾಲಿದೆ ಅಂತ ಸುದ್ದಿ ಕಳಿಸುವುದು ಅವು. ಹಗ್ಗ ಹರಿದಾಗ ತಂತಿಯೂ ಹರಿಯುತ್ತದೆ. ಸುದ್ದಿ ತಡವಾದರೆ ಸ್ನಾಯು ಬಿಗಿಯುವುದೂ ತಡ, ಅಷ್ಟರಲ್ಲಿ ಕಾಲು ಮಡಚಿಯಾಗಿರುತ್ತದೆ. ಅವನ ಮದ್ದು ಅಡಿಯಲ್ಲಿ ಉರುಟು ಇರುವ, ಓಲಾಡುವ ಹಲಗೆ. ಅದರ ಮೇಲೆ ಒಂಟಿಕಾಲಲ್ಲಿ ನಿಂತು ಅಭ್ಯಾಸ ಮಾಡಿದವರಿಗೆ ತೊಂದರೆ ಬಹಳ ಕಡಿಮೆಯಾಯಿತು. ನರತುದಿಯೊಂದೇ ಕಾರಣ ಅಲ್ಲ, ಮೆದುಳಿನ ಪಾಲೂ ಇದೆ ಅಂತ ನಂತರದವರು ತಿದ್ದಿದ್ದಾರೆ. ಹಲಗೆ ಮಾತ್ರ ಉಳಿಯಿತು.

ಆದರೆ ಜನಪ್ರಿಯವಾದದ್ದು ಹಲಗೆಯಲ್ಲ, 'ರೈಸ್' (ಊಟದ್ದಲ್ಲ ಮಾರಾಯ್ರೇ!). 1978ರಲ್ಲಿ ಅಮೆರಿಕದ ಗೇಬ್ ಮಿರ್ಕಿನ್ ಕೊಟ್ಟ ಹೆಸರು: ರೆಸ್ಟ್, ಐಸ್, ಕಂಪ್ರೆಶನ್, ಎಲಿವೇಶನ್. ಐಸ್ ವಾಸಿಯಾಗುವುದನ್ನೇ ತಡಮಾಡಬಹುದು ಅಂತ 2014ರಲ್ಲಿ ಅವನೇ ಒಪ್ಪಿಕೊಂಡ. ನನಗನಿಸುವುದು, ಐಸಿಗಿಂತ ದೊಡ್ಡ ತಪ್ಪು ಆ ನಾಲ್ಕಕ್ಷರ ಮೊದಲ ಎರಡು ದಿನಕ್ಕೇ ಮುಗಿದುಹೋಗುವುದು. ಮೂರನೇ ವಾರದ ಬಗ್ಗೆ ಅದರಲ್ಲಿ ಒಂದಕ್ಷರವೂ ಇಲ್ಲ.

ಹಾಗಂತ ವಿಶ್ರಾಂತಿ ಪೂರಾ ಸುಳ್ಳೂ ಅಲ್ಲ. 2009ರಲ್ಲಿ ಇಂಗ್ಲೆಂಡಿನಲ್ಲಿ ಕಾಲೂರಲಾಗದಷ್ಟು ಜೋರಾಗಿ ಉಳುಕಿದ 584 ಜನರ ಅಧ್ಯಯನ ಪ್ರಕಟವಾಯಿತು. ಹತ್ತು ದಿನ ಮೊಣಕಾಲ ಕೆಳಗೆ ಪ್ಲಾಸ್ಟರ್ ಹಾಕಿಸಿಕೊಂಡವರು ಮೂರು ತಿಂಗಳಲ್ಲಿ ಬರೀ ಬ್ಯಾಂಡೇಜಿನವರಿಗಿಂತ ಚೆನ್ನಾಗಿದ್ದರು. ಒಂಬತ್ತು ತಿಂಗಳಿಗೆ ಎಲ್ಲರೂ ಒಂದೇ. ಅಂದರೆ ಹತ್ತು ದಿನ ಸರಿ, ಎರಡು ತಿಂಗಳಲ್ಲ. ಅದೇ ವರ್ಷ ನೆದರ್‌ಲ್ಯಾಂಡ್ಸಿನವರು 522 ಆಟಗಾರರಲ್ಲಿ ಅರ್ಧದಷ್ಟು ಜನರಿಗೆ ಮನೆಯಲ್ಲೇ ಎಂಟು ವಾರ ಮಾಡುವ ಸಮತೋಲನದ ವ್ಯಾಯಾಮ ಕೊಟ್ಟರು. ಒಂದು ವರ್ಷದಲ್ಲಿ ಮತ್ತೆ ಉಳುಕಿಸಿಕೊಂಡವರು ಅವರಲ್ಲಿ ಶೇ. 22, ಉಳಿದವರಲ್ಲಿ ಶೇ. 33. ಯಾರೂ ಪಕ್ಕದಲ್ಲಿ ನಿಂತು ಮಾಡಿಸಿದ್ದಲ್ಲ!

ಇದನ್ನು ಓದುವಾಗ ನನ್ನ ಸೋದರಮಾವನ ನೆನಪಾಯಿತು. ಹವ್ಯಾಸಿ ಯಕ್ಷಗಾನದವರು, ಪುಂಡುವೇಷದಲ್ಲಿ ಅವರ ದಿಗಿಣ ನೋಡಲಿಕ್ಕೇ ಜನ ಬರುತ್ತಿದ್ದರು. ಒಂದು ರಾತ್ರಿ ರಂಗದಲ್ಲೇ ಕಾಲು ಉಳುಕಿತು. ಲೇಪ ಹಾಕಿ ಎರಡು ತಿಂಗಳು ಮಲಗಿಸಿದರು. ನೋವು ಹೋಯಿತು, ಧೈರ್ಯವೂ ಹೋಯಿತು. ಹಾರಿದರೆ ಕಾಲು ಕೈಕೊಡ್ತದೆ ಅನ್ನುತ್ತಿದ್ದರು. ಹೆದರಿಕೆ ಅಂತ ನಾವೆಲ್ಲ ನಗಾಡಿದ್ದೆವು. ಮುಂದೆ ಅವರು ಅರ್ಥಗಾರಿಕೆಯ ಪಾತ್ರಗಳಿಗೆ ಸರಿದರು, ಕೊನೆಗೆ ತಾಳಮದ್ದಳೆಗೆ ಮಾತ್ರ.

ಮೊನ್ನೆ ಭಾನುವಾರ ಅವರ ಮನೆಗೆ ಹೋಗಿ ಫ್ರೀಮನ್ ಕತೆ ಹೇಳಿದೆ. ಎಪ್ಪತ್ತೆಂಟು ವರ್ಷ ಈಗ. ಸುಮ್ಮನೆ ಕೇಳಿದರು. "ಹಾಗಾದ್ರೆ ಅದು ನನ್ನ ಹೆದರಿಕೆ ಅಲ್ಲ" ಅಂದರು. ಆಮೇಲೆ ಎದ್ದು, ಚಾವಡಿಯ ಕಂಬ ಹಿಡಿದುಕೊಂಡು, ಎಡಗಾಲು ನಿಧಾನ ಎತ್ತಿದರು. "ಎಷ್ಟು ಸೆಕೆಂಡು ನಿಲ್ಲಬೇಕು ಮಾರಾಯ?"