ಬೀದಿಯಲ್ಲಿ ಕಂಡ ರೋಗ, ಬೇಲಿಯಲ್ಲಿದ್ದ ಮದ್ದು

ಲಂಡನ್ನಿನ ಹಾಕ್ಸ್‌ಟನ್ ಬಡಾವಣೆಯಲ್ಲಿ ಜೇಮ್ಸ್ ಪಾರ್ಕಿನ್ಸನ್ ಎಂಬ ವೈದ್ಯರಿದ್ದರು. 1817ರಲ್ಲಿ ಅವರು 66 ಪುಟಗಳ ಒಂದು ಪುಟ್ಟ ಪುಸ್ತಕ ಪ್ರಕಟಿಸಿದರು. ವಿಷಯ, ನಡುಗುವ ವಾತ. ಅದರಲ್ಲಿರುವುದು ಆರೇ ಆರು ಜನ ರೋಗಿಗಳು. ಅವರಲ್ಲಿ ಇಬ್ಬರು ಬೀದಿಯಲ್ಲಿ ಅಕಸ್ಮಾತ್ತಾಗಿ ಕಂಡವರು. ಇನ್ನೊಬ್ಬನನ್ನಂತೂ ದೂರದಿಂದ ನೋಡಿದ್ದಷ್ಟೇ. ಕ್ಯಾಮೆರಾದ ಹಿಂದೆ ನಿಂತು ಹೊಟ್ಟೆ ಹೊರೆಯುವ ನನಗೆ ಇದನ್ನು ಓದಿದಾಗಲೆಲ್ಲ ಸ್ವಲ್ಪ ಹೊಟ್ಟೆಕಿಚ್ಚಾಗುತ್ತದೆ.

ಅವರು ಕಂಡದ್ದೇನು? ಕೈ ಸುಮ್ಮನೆ ತೊಡೆಯ ಮೇಲಿದ್ದಾಗ ನಡುಗುತ್ತದೆ. ದೇಹ ಮುಂದಕ್ಕೆ ಬಾಗುತ್ತದೆ. ನಡಿಗೆ ಹೋಗಿ ಚಿಕ್ಕ ಹೆಜ್ಜೆಗಳ ಓಟವಾಗುತ್ತದೆ. ಸುಮಾರು ಐವತ್ತು ವರ್ಷಗಳ ನಂತರ ಪ್ಯಾರಿಸ್ಸಿನ ಷಾರ್ಕೋ ಇದಕ್ಕೆ ಸ್ನಾಯುಗಳ ಬಿಗಿತವನ್ನೂ ಚಲನೆಯ ನಿಧಾನವನ್ನೂ ಸೇರಿಸಿದರು. ನಡುಕವೇ ಇಲ್ಲದ ರೋಗಿಗಳೂ ಇದ್ದಾರೆ, ಆದ್ದರಿಂದ ಹಳೆಯ ಹೆಸರು ಬೇಡ, ಪಾರ್ಕಿನ್ಸನ್ನರ ಹೆಸರೇ ಇರಲಿ ಎಂದರು.

ಈ ಮಾತು ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ನನ್ನ ಸೋದರಮಾವ ಊರಿನಿಂದ ಬರೆಯುತ್ತಿದ್ದ ಇನ್‌ಲ್ಯಾಂಡ್ ಪತ್ರಗಳಲ್ಲಿ ಅಕ್ಷರ ವರ್ಷದಿಂದ ವರ್ಷಕ್ಕೆ ಸಣ್ಣದಾಗುತ್ತ ಬಂತು. ಸಾಲಿನ ಕೊನೆಗೆ ಬರುವಷ್ಟರಲ್ಲಿ ಇರುವೆ ಹರಿದಂತೆ ಕಾಣುತ್ತಿತ್ತು. ಜಾಗ ಉಳಿಸುತ್ತಾರೆ, ಜಿಪುಣರು ಎಂದು ನಕ್ಕೆವು. ನಡೆಯುವಾಗ ಅವರ ಬಲಗೈ ಬೀಸುತ್ತಿರಲಿಲ್ಲ, ಮುಖದಲ್ಲಿ ನಗು ಮೂಡುತ್ತಿರಲಿಲ್ಲ. ವಯಸ್ಸಾಯಿತು, ಸಿಟ್ಟು ಹೆಚ್ಚಾಯಿತು ಎಂದುಕೊಂಡೆವು. ಕೈ ನಡುಗದಿದ್ದ ಕಾರಣಕ್ಕೇ ಡಾಕ್ಟರ ಬಳಿ ಹೋಗುವುದು ನಾಲ್ಕು ವರ್ಷ ತಡವಾಯಿತು.

ಇನ್ನು ರೋಗದ ಕಾರಣ ಹುಡುಕಿದ ಕಥೆ. ಇದರಲ್ಲಿ ನಮ್ಮ ನೆಲದ ಎರಡು ಗಿಡಗಳು ಬರುತ್ತವೆ. ಮೊದಲನೆಯದು ಸರ್ಪಗಂಧಿ. ಅದರ ಬೇರಿನಿಂದ 1952ರಲ್ಲಿ ರೆಸರ್ಪಿನ್ ಎಂಬ ರಾಸಾಯನಿಕವನ್ನು ಬೇರ್ಪಡಿಸಿ ರಕ್ತದೊತ್ತಡಕ್ಕೆ ಕೊಡತೊಡಗಿದರು. 1957ರಲ್ಲಿ ಸ್ವೀಡನ್ನಿನ ಆರ್ವಿಡ್ ಕಾರ್ಲ್‌ಸನ್ ಇದೇ ರೆಸರ್ಪಿನ್ನನ್ನು ಮೊಲಗಳಿಗೆ ಕೊಟ್ಟರು. ಮೊಲಗಳು ಅಲುಗಾಡದೆ ಕುಳಿತುಬಿಟ್ಟವು. ಆಮೇಲೆ ಎಲ್-ಡೋಪಾ ಚುಚ್ಚಿದರೆ, ಎದ್ದು ಓಡಾಡಿದವು! ಎಲ್-ಡೋಪಾ ಮಿದುಳಿನಲ್ಲಿ ಡೋಪಮೀನ್ ಆಗಿ ಬದಲಾಗುತ್ತದೆ. 1960ರಲ್ಲಿ ವಿಯೆನ್ನಾದ ಎಹ್ರಿಂಗರ್ ಮತ್ತು ಹಾರ್ನಿಕೀವಿಚ್, ತೀರಿಕೊಂಡ ರೋಗಿಗಳ ಮಿದುಳನ್ನು ಪರೀಕ್ಷಿಸಿದಾಗ ಡೋಪಮೀನ್ ತುಂಬಿರಬೇಕಾದ ಕಡೆ ಅದು ಬಹಳ ಕಡಿಮೆಯಿತ್ತು. ಅದನ್ನು ತಯಾರಿಸುವ ಕಪ್ಪು ಬಣ್ಣದ ನರಕೋಶಗಳು ಸತ್ತುಹೋಗಿರುತ್ತವೆ. ಮೊದಲ ಲಕ್ಷಣ ಕಾಣುವ ಹೊತ್ತಿಗೇ ಸುಮಾರು ಅರ್ಧದಷ್ಟು ಹೋಗಿರುತ್ತವೆ. ಏಕೆ ಸಾಯುತ್ತವೆ? ಕೆಲವರಲ್ಲಿ ವಂಶವಾಹಿಯ ದೋಷ. ಕೆಲವು ಕೀಟನಾಶಕಗಳ ಸಂಪರ್ಕವೂ ಅಪಾಯ ಹೆಚ್ಚಿಸುತ್ತದೆ. ಬಹುಪಾಲು ರೋಗಿಗಳಲ್ಲಿ ಇಂಥದ್ದೇ ಕಾರಣವೆಂದು ಇಂದಿಗೂ ಬೆರಳಿಟ್ಟು ತೋರಿಸಲಾಗದು.

ಹಾಗಾದರೆ ಡೋಪಮೀನನ್ನೇ ಕೊಡಬಾರದೇ ಎಂದು ನೀವು ಕೇಳಬಹುದು. ಕೊಟ್ಟರೆ ಅದು ರಕ್ತದಿಂದ ಮಿದುಳಿಗೆ ದಾಟುವುದಿಲ್ಲ. ಎಲ್-ಡೋಪಾ ದಾಟುತ್ತದೆ. ಇಲ್ಲಿ ಬರುತ್ತದೆ ಎರಡನೆಯ ಗಿಡ, ನಸುಗುನ್ನಿ ಬಳ್ಳಿ. ಹಳ್ಳಿಯಲ್ಲಿ ಬೆಳೆದವರಿಗೆ ಅದರ ಕಾಯಿಯ ತುರಿಕೆಯನ್ನು ನಾನು ಪರಿಚಯಿಸಬೇಕಿಲ್ಲ. 1937ರಲ್ಲೇ ಮದ್ರಾಸಿನ ದಾಮೋದರನ್ ಮತ್ತು ರಾಮಸ್ವಾಮಿ ಇದರ ಬೀಜದಿಂದ ಎಲ್-ಡೋಪಾವನ್ನು ಬೇರ್ಪಡಿಸಿದ್ದರು. ಅದು ಈ ರೋಗಕ್ಕೆ ಮದ್ದು ಎಂದು ಆಗ ಜಗತ್ತಿನಲ್ಲಿ ಯಾರಿಗೂ ತಿಳಿದಿರಲಿಲ್ಲ. (ಬೀಜ ಅರೆದು ಅಜ್ಜನಿಗೆ ಕುಡಿಸಲು ಹೋಗಬೇಡಿ. ಒಂದೊಂದು ಬೀಜದಲ್ಲಿ ಒಂದೊಂದು ಪ್ರಮಾಣ. ವಾಂತಿಯಾಗುತ್ತದೆ, ರಕ್ತದೊತ್ತಡ ಕುಸಿಯುತ್ತದೆ.)

1961ರಲ್ಲಿ ವಿಯೆನ್ನಾದಲ್ಲಿ ರೋಗಿಗಳಿಗೆ ಎಲ್-ಡೋಪಾ ಚುಚ್ಚಿದಾಗ ಮೈ ಸಡಿಲವಾದದ್ದು ಕೆಲವು ಗಂಟೆ ಮಾತ್ರ. 1967ರಲ್ಲಿ ನ್ಯೂಯಾರ್ಕಿನ ಜಾರ್ಜ್ ಕೊಟ್ಸಿಯಾಸ್ ಸಣ್ಣ ಪ್ರಮಾಣದಿಂದ ಶುರುಮಾಡಿ ನಿಧಾನವಾಗಿ ಏರಿಸುವ ಕ್ರಮ ಕಂಡುಕೊಂಡ ಮೇಲೆ ಇದು ನಿಜವಾದ ಚಿಕಿತ್ಸೆಯಾಯಿತು. ಈಗ ವಾಂತಿ ತಡೆಯಲು ಜೊತೆಗೆ ಕಾರ್ಬಿಡೋಪಾ ಸೇರಿಸುತ್ತಾರೆ. ವರ್ಷಗಳು ಕಳೆದಂತೆ ಮಾತ್ರೆಯ ಪ್ರಭಾವ ಬೇಗ ಇಳಿಯುತ್ತದೆ, ಮೈ ತಾನಾಗಿ ಹೊರಳಾಡುವುದೂ ಉಂಟು. ಅಂಥ ಕೆಲವರಿಗೆ ಮಿದುಳಿನಲ್ಲಿ ತಂತಿ ಇಟ್ಟು ವಿದ್ಯುತ್ ಹರಿಸುವ ಶಸ್ತ್ರಚಿಕಿತ್ಸೆ ಇದೆ, ಬೆಂಗಳೂರಿನಲ್ಲೂ ಮಾಡುತ್ತಾರೆ. ಕೋಶಗಳ ಸಾವನ್ನು ನಿಲ್ಲಿಸುವ ಮದ್ದು ಮಾತ್ರ ಇನ್ನೂ ಬಂದಿಲ್ಲ.

ಮಾತ್ರೆ ಶುರುವಾದ ಮೇಲೆ ಮಾವನ ಅಕ್ಷರ ಮತ್ತೆ ದುಂಡಗಾಯಿತು. ಐದಾರು ವರ್ಷ ಹಾಗೇ ಇತ್ತು. ಆಮೇಲೆ ಬೆಳಗಿನ ಮಾತ್ರೆ ನುಂಗಿ, ಮುಕ್ಕಾಲು ಗಂಟೆ ಕಾದು, ಕೈ ಸಡಿಲವಾದ ಮೇಲೆ ಪೆನ್ನು ಹಿಡಿಯುತ್ತಿದ್ದರು.