ಪಾರ್ಕ್‌ಟ್ಯಾಬ್

ಕಟ್ಟಡದೊಳಗೆ ಓಡಾಡುತ್ತಲೇ ಪಠ್ಯ ಸಂದೇಶಗಳನ್ನು ತಂತಿಯಿಲ್ಲದೆ ಪಡೆಯಲು ಮತ್ತು ಕಳುಹಿಸಲು ರೂಪಿಸಿದ ಅಂಗೈ ಗಾತ್ರದ ಪ್ರಾಯೋಗಿಕ ಸಾಧನ. ಅಮೆರಿಕದ ಕ್ಯಾಲಿಫೋರ್ನಿಯಾದ ಪಾಲೊ ಆಲ್ಟೊದಲ್ಲಿದ್ದ ಜೆರಾಕ್ಸ್ ಸಂಶೋಧನಾ ಕೇಂದ್ರ ‘ಪಾರ್ಕ್’ ಇದರ ತವರು. 1993ರಲ್ಲಿ ಅಲ್ಲಿನ ಸಂಶೋಧಕರ ದಿನಬಳಕೆಗೆ ಬಂದ ಇದು ಮಾರುಕಟ್ಟೆಯ ಮುಖ ಕಾಣಲಿಲ್ಲ.

ಕೇಂದ್ರದ ವಿಜ್ಞಾನಿ ಮಾರ್ಕ್ ವೈಸರ್ 1991ರಲ್ಲಿ ‘ಸೈಂಟಿಫಿಕ್ ಅಮೆರಿಕನ್’ ಪತ್ರಿಕೆಗೆ ಬರೆದ ಲೇಖನದಲ್ಲಿ, ಕಂಪ್ಯೂಟರು ಮೇಜಿನಿಂದಿಳಿದು ಇಂಚು, ಅಡಿ, ಗಜದ ಅಳತೆಗಳಲ್ಲಿ ಸುತ್ತಮುತ್ತ ಹರಡಿಕೊಳ್ಳಬೇಕೆಂದು ವಾದಿಸಿದ್ದರು. ಟ್ಯಾಬ್ ಎಂಬುದು ಆ ಇಂಚಿನಳತೆಯದು. ಇದರ ನಿರ್ಮಾಣದಲ್ಲಿ ಮುಂದಿದ್ದ ರಾಯ್ ವಾಂಟ್, ಅದಕ್ಕೂ ಮೊದಲು ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ, ತೊಟ್ಟವರು ಯಾವ ಕೋಣೆಯಲ್ಲಿದ್ದಾರೆಂದು ತಿಳಿಸುವ ‘ಆ್ಯಕ್ಟಿವ್ ಬ್ಯಾಡ್ಜ್’ ರೂಪಿಸಿದ್ದವರು.

ಟ್ಯಾಬಿನ ಪರದೆಯಲ್ಲಿ ಅಡ್ಡ 128, ಉದ್ದ 64 ಚುಕ್ಕಿಗಳಷ್ಟೇ. ಪಕ್ಕದಲ್ಲಿ ಮೂರು ಗುಂಡಿ. ಎಡಗೈಯವರು ತಿರುಗಿಸಿ ಹಿಡಿದರೆ ಪರದೆಯೂ ತಿರುಗುತ್ತಿತ್ತು. ಬರೆಯಲು ಬಳಸಿದ್ದು ‘ಯುನಿಸ್ಟ್ರೋಕ್ಸ್’ ಲಿಪಿ: ಕಡ್ಡಿ ಎತ್ತದೆ ಒಂದೇ ಗೀಟಿಗೆ ಒಂದು ಅಕ್ಷರ. ಇಂಗ್ಲಿಷಿನಲ್ಲಿ ಪದೇ ಪದೇ ಬರುವ ಇ, ಎ, ಟಿ, ಐ, ಆರ್ ಅಕ್ಷರಗಳಿಗೆ ಬರೀ ನೇರ ಗೆರೆ. ಒಂದರ ಮೇಲೊಂದು ಬರೆದರೂ ಯಂತ್ರಕ್ಕೆ ಗೊಂದಲವಿಲ್ಲ, ಕಣ್ಣಿಟ್ಟು ನೋಡಬೇಕಾಗಿಯೂ ಇಲ್ಲ. ಇದರ ಪೇಟೆಂಟ್ ಆಧಾರದಲ್ಲಿ ಜೆರಾಕ್ಸ್ 1997ರಲ್ಲಿ ಪಾಮ್ ಸಾಧನಗಳ ‘ಗ್ರಾಫಿಟಿ’ ಲಿಪಿಯ ವಿರುದ್ಧ ಹೂಡಿದ ದಾವೆ 2006ರಲ್ಲಿ 2.25 ಕೋಟಿ ಡಾಲರಿಗೆ ರಾಜಿಯಾಯಿತು.

ಸಂದೇಶ ಸಾಗುತ್ತಿದ್ದುದು ರೇಡಿಯೊ ಅಲೆಯಲ್ಲಿ ಅಲ್ಲ, ಟಿ.ವಿ. ರಿಮೋಟಿನಲ್ಲಿರುವಂಥ ಅವಕೆಂಪು ಕಿರಣದಲ್ಲಿ. ಛಾವಣಿಗೆ ಬಿಗಿದ ಪೆಟ್ಟಿಗೆ ಆ ಕೋಣೆಯ ಟ್ಯಾಬುಗಳೊಡನೆ ಸಂಪರ್ಕವಿಟ್ಟುಕೊಳ್ಳುತ್ತಿತ್ತು. ಕಿರಣ ಗೋಡೆಗಳಿಗೆ ತಾಗಿ ಚದುರುವುದರಿಂದ ಗುರಿಯಿಟ್ಟು ಹಿಡಿಯಬೇಕಿರಲಿಲ್ಲ. ನಿಜವಾದ ಲೆಕ್ಕಾಚಾರವೆಲ್ಲ ದೂರದ ಕಂಪ್ಯೂಟರಿನಲ್ಲಿ. ಅಲ್ಲಿ ಪ್ರತಿ ಟ್ಯಾಬಿಗೂ ‘ಏಜೆಂಟ್’ ಎಂಬ ತಂತ್ರಾಂಶವಿರುತ್ತಿತ್ತು. ಟ್ಯಾಬು ಆಗಾಗ ಹೊಮ್ಮಿಸುವ ಸಂಕೇತದಿಂದ ಅದರ ಕೋಣೆಯನ್ನು ತಿಳಿದು, ಬಂದ ಇಮೇಲನ್ನು ಏಜೆಂಟು ಅಲ್ಲಿಗೇ ತಲುಪಿಸುತ್ತಿತ್ತು.

ಅವಕೆಂಪು ಕಿರಣ ಗೋಡೆ ದಾಟುವುದಿಲ್ಲ. ಸಂಪರ್ಕದ ದೃಷ್ಟಿಯಿಂದ ಇದು ಕೊರತೆಯೇ: ಪೆಟ್ಟಿಗೆಯಿಲ್ಲದ ಕಡೆ ಕಾಲಿಟ್ಟರೆ ಟ್ಯಾಬು ಮೂಕ. ಆದರೆ ಈ ಯೋಜನೆಯ ದೊಡ್ಡ ಗಳಿಕೆ ಬಂದದ್ದೂ ಇದರಿಂದಲೇ. ಪಕ್ಕದ ಕೋಣೆಯ ಮಾತು ಇಲ್ಲಿನದರೊಡನೆ ಬೆರೆಯುತ್ತಿರಲಿಲ್ಲ, ಬಳಕೆದಾರ ಎಲ್ಲಿದ್ದಾನೆಂಬುದು ಕೋಣೆಯ ಮಟ್ಟಿಗೆ ಖಚಿತವಾಗುತ್ತಿತ್ತು. ಅದೇ ಮಾಹಿತಿ ಸಹೋದ್ಯೋಗಿಯ ಮೇಲೆ ಕಣ್ಣಿಡಲೂ ಸಾಕಲ್ಲವೇ? ಈ ಆತಂಕವನ್ನು ತಂಡ ಹಗುರವಾಗಿ ತೆಗೆದುಕೊಳ್ಳಲಿಲ್ಲ. ತನ್ನ ಇರವನ್ನು ಯಾರಿಗೆ ತಿಳಿಸಬೇಕೆಂಬ ಹಿಡಿತ ಬಳಕೆದಾರನ ಏಜೆಂಟಿನ ಕೈಯಲ್ಲೇ ಇರಬೇಕೆಂದು ಅದು ವಿನ್ಯಾಸ ಮಾಡಿತು. ಇಂದಿನ ಫೋನುಗಳಿಗೂ ಸಲ್ಲುವ ಎಚ್ಚರವಿದು.

ಹತ್ತಿರದ ಪ್ರಿಂಟರನ್ನು ತಾನಾಗಿ ಆರಿಸಿಕೊಳ್ಳುವುದು, ಹೊಕ್ಕ ಕೋಣೆಗೆ ಸಂಬಂಧಿಸಿದ ಮಾಹಿತಿ ತೋರಿಸುವುದು ಮುಂತಾದ ಪ್ರಯೋಗಗಳ ಆಧಾರದ ಮೇಲೆ ಬಿಲ್ ಶಿಲಿಟ್, ನಾರ್ಮನ್ ಆ್ಯಡಮ್ಸ್ ಮತ್ತು ವಾಂಟ್ 1994ರಲ್ಲಿ ಪ್ರಬಂಧ ಮಂಡಿಸಿದರು. ಸಂದರ್ಭವರಿತು ವರ್ತಿಸುವ ಕಂಪ್ಯೂಟರುಗಳ ಅಧ್ಯಯನಕ್ಕೆ ಅದು ಬುನಾದಿಯಾಯಿತು.